ಮಳೆಗಾಲದ ತುರಿಕೆಗೆ ಮೆಡಿಕಲ್‌ನ ಟ್ಯೂಬ್ ಮದ್ದಲ್ಲ

ಸಂಪಾದಕರಿಗೆ ನಮಸ್ಕಾರ.

ಮಳೆಗಾಲ ಶುರುವಾದ ಕೂಡಲೇ ಎಲ್ಲ ಪತ್ರಿಕೆಗಳಲ್ಲೂ ಡೆಂಗಿ, ಮಲೇರಿಯಾ, ಇಲಿಜ್ವರದ ಬಗ್ಗೆ ಬರುತ್ತದೆ. ಬರಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಂಗಳೂರು, ಉಡುಪಿ ಕಡೆ ಎಷ್ಟೋ ಮನೆಗಳನ್ನು ಕಾಡುವ ಇನ್ನೊಂದು ಕಾಯಿಲೆ ಉಂಟು. ತೊಡೆಸಂದಿ, ಸೊಂಟ, ಕಂಕುಳು, ಎದೆಯ ಕೆಳಗೆ ದುಂಡಗೆ ಕೆಂಪಗೆ ಎದ್ದು ರಾತ್ರಿಯಿಡೀ ತುರಿಸುವ ಹುಳುಕಡ್ಡಿ. ಗಜಕರ್ಣ ಅಂತಲೂ ಹೇಳುತ್ತಾರೆ. ಇದರಿಂದ ಯಾರೂ ಸಾಯುವುದಿಲ್ಲ. ಅದಕ್ಕೇ ಇರಬೇಕು, ಇದರ ಬಗ್ಗೆ ಯಾರೂ ಬರೆಯುವುದೂ ಇಲ್ಲ. ತುರಿಸುವ ಜಾಗವೂ ನಾಲ್ಕು ಜನರ ಎದುರು ಹೇಳುವಂಥದ್ದಲ್ಲ, ಅಲ್ವಾ?

ನಾನು ನಿವೃತ್ತ ಸ್ಟಾಫ್ ನರ್ಸ್. ವರ್ಷಗಟ್ಟಲೆ ಚರ್ಮದ ಒಪಿಡಿಯಲ್ಲಿ ಕೆಲಸ ಮಾಡಿದವಳು. ಈಗಲೂ ಅಕ್ಕಪಕ್ಕದವರು, ನೆಂಟರು, ಮೀನು ತರುವ ಅಕ್ಕ, ಎಲ್ಲರೂ ಕೈಕಾಲು ತೋರಿಸಿ "ಇದೆಂತದು ನೋಡಿ ಸಿಸ್ಟರ್" ಅಂತ ಕೇಳುತ್ತಾರೆ. ಕೇಳುವಾಗ ಹೆಚ್ಚಿನವರ ಕೈಯಲ್ಲಿ ಒಂದು ಟ್ಯೂಬ್ ಇರುತ್ತದೆ. ಅರ್ಧ ಹಿಂಡಿದ್ದು. ಮೆಡಿಕಲ್‌ನಲ್ಲಿ ಕೇಳಿ ತಂದದ್ದು, ಇಲ್ಲವೇ ಪಕ್ಕದ ಮನೆಯವರು ಕೊಟ್ಟದ್ದು. "ಇದು ಹಚ್ಚಿದರೆ ಎರಡು ದಿನದಲ್ಲಿ ಹೋಗ್ತದೆ, ಬಿಟ್ಟರೆ ಮತ್ತೆ ಬರ್ತದೆ." ಈ ಒಂದು ವಾಕ್ಯ ಕೇಳಿದರೆ ಸಾಕು, ಆ ಟ್ಯೂಬಿನಲ್ಲಿ ಏನಿದೆ ಅಂತ ನೋಡದೆಯೂ ಹೇಳಬಹುದು. ಸ್ಟೆರಾಯ್ಡ್. ಈ ಪತ್ರ ಬರೆಯುತ್ತಿರುವುದೇ ಆ ಟ್ಯೂಬಿನ ಬಗ್ಗೆ ಹೇಳಲಿಕ್ಕೆ.

ಹುಳುಕಡ್ಡಿ ಎಂದರೆ ಹುಳ ಅಲ್ಲ, ಶಿಲೀಂಧ್ರ. ಫಂಗಸ್. ಅದು ಚರ್ಮದ ಮೇಲಿನ ಪದರದಲ್ಲಿರುವ ಕೆರಾಟಿನ್ ಎಂಬ ಪ್ರೋಟೀನ್ ತಿಂದು ಬದುಕುತ್ತದೆ. ನಮ್ಮ ದೇಹ ಅದರ ಜತೆ ಹೋರಾಡುವಾಗ ಆ ಜಾಗ ಕೆಂಪಾಗುತ್ತದೆ, ತುರಿಸುತ್ತದೆ. ಸ್ಟೆರಾಯ್ಡ್ ಮಾಡುವುದೇನು? ದೇಹದ ಹೋರಾಟವನ್ನು ನಿಲ್ಲಿಸುತ್ತದೆ. ತುರಿಕೆ ನಿಂತಿತು, ಕೆಂಪು ಹೋಯಿತು, ನಮಗೆ ಗುಣವಾದ ಹಾಗೆ ಕಾಣುತ್ತದೆ. ಒಳಗೆ ಫಂಗಸ್ ಬೂದಿ ಮುಚ್ಚಿದ ಕೆಂಡದ ಹಾಗೆ ಇದ್ದೇ ಇರುತ್ತದೆ, ಅಷ್ಟೇ ಅಲ್ಲ, ತಡೆಯುವವರು ಯಾರೂ ಇಲ್ಲವೆಂದು ಅಗಲವಾಗಿ ಹರಡುತ್ತದೆ. ಹಚ್ಚುವುದು ನಿಲ್ಲಿಸಿದ ವಾರದೊಳಗೆ ಮೊದಲಿಗಿಂತ ಎರಡರಷ್ಟು ಜಾಗದಲ್ಲಿ ಎದ್ದು ಬರುತ್ತದೆ. ಜನ ಮತ್ತೆ ಅದೇ ಟ್ಯೂಬ್ ತರುತ್ತಾರೆ. ಹೀಗೇ ತಿಂಗಳು, ವರ್ಷ ಕಳೆಯುತ್ತದೆ. ಕೊನೆಗೆ ಆ ದುಂಡಗಿನ ಅಂಚೂ ಅಳಿಸಿ ಹೋಗಿ, ಡಾಕ್ಟರೇ ನೋಡಿದರೂ ಇದು ಹುಳುಕಡ್ಡಿ ಅಂತ ತಕ್ಷಣ ಗೊತ್ತಾಗದ ಸ್ಥಿತಿಗೆ ಬರುತ್ತದೆ. ಆಗ ಚರ್ಮ ಕೆರೆದು, ಪೊಟ್ಯಾಶಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಾಗುತ್ತದೆ. ಅದೇನೂ ದೊಡ್ಡ ಪರೀಕ್ಷೆಯಲ್ಲ, ನೋವೂ ಇಲ್ಲ. ಕೇಳಿ ಮಾಡಿಸಿಕೊಳ್ಳಬಹುದು.

ಇನ್ನೊಂದು ಹಾನಿ ಇದಕ್ಕಿಂತ ಬೇಸರದ್ದು. ತೊಡೆಸಂದಿಯ ಚರ್ಮ ತೆಳು. ಅಲ್ಲಿ ಜೋರಿನ ಸ್ಟೆರಾಯ್ಡ್ ದಿನಾ ಹಚ್ಚಿದರೆ ಚರ್ಮ ಇನ್ನೂ ತೆಳುವಾಗಿ, ಬಸುರಿಯ ಹೊಟ್ಟೆಯ ಮೇಲೆ ಬರುವಂಥ ಗೆರೆಗಳು ಬೀಳುತ್ತವೆ. ಕಾಲೇಜಿಗೆ ಹೋಗುವ ಹುಡುಗರ ತೊಡೆಯಲ್ಲಿ ಬೆರಳಗಲದ ಗೆರೆಗಳನ್ನು ನೋಡಿದ್ದೇನೆ. ಫಂಗಸ್ ಗುಣವಾಗುತ್ತದೆ. ಆ ಗೆರೆಗಳು ಮಾತ್ರ ಹೋಗುವುದಿಲ್ಲ.

ಮುಖಕ್ಕೆ ಹಚ್ಚುವವರದ್ದು ಬೇರೆ ಕಥೆ. ಬಂಗು ಬಂದಿದೆ ಅಂತ, ಮೊಡವೆ ಅಂತ, ಮದುವೆಗೆ ಮೊದಲು ಸ್ವಲ್ಪ ಬೆಳ್ಳಗಾಗಲಿ ಅಂತ, ಮೊಮೆಟಾಸೋನ್ ಎಂಬ ಸ್ಟೆರಾಯ್ಡ್ ಇರುವ ಕ್ರೀಮನ್ನು ಫೇರ್‌ನೆಸ್ ಕ್ರೀಮ್ ಹಾಗೆ ತಿಂಗಳುಗಟ್ಟಲೆ ಹಚ್ಚುತ್ತಾರೆ. ಬಂಗಿಗೆ ಡಾಕ್ಟರು ಕೆಲವು ವಾರಕ್ಕೆ ಮಾತ್ರ ಎಂದು ಬರೆದುಕೊಟ್ಟದ್ದನ್ನು ಅಕ್ಕ ತಂಗಿಗೆ ಕೊಟ್ಟು, ತಂಗಿ ಗೆಳತಿಗೆ ಹೇಳಿ, ಎಲ್ಲರೂ ವರ್ಷವಿಡೀ ಹಚ್ಚುವುದು. ಮೊದಲು ಮುಖ ಹೊಳೆಯುತ್ತದೆ, ನಿಜ. ಆಮೇಲೆ ಬಿಸಿಲಿಗೆ ಹೋದರೆ ಉರಿ, ಕೆನ್ನೆಯಲ್ಲಿ ಕೆಂಪು ನರಗಳು, ಕೂದಲು, ಗುಂಪುಗುಂಪಾಗಿ ಮೊಡವೆ. ಬಿಟ್ಟರೆ ಮುಖ ಉರಿಯುತ್ತದೆ, ಆದ್ದರಿಂದ ಬಿಡಲಿಕ್ಕೂ ಆಗುವುದಿಲ್ಲ. ಬಿಡಿಸಲಿಕ್ಕೆ ಡಾಕ್ಟರ ಸಹಾಯ ಬೇಕಾಗುತ್ತದೆ, ತಿಂಗಳುಗಳೇ ಹಿಡಿಯುತ್ತವೆ.

ಕಾನೂನು ಇಲ್ಲವೇ ಅಂತ ಕೇಳಬಹುದು. ಇದೆ. 2018ರಲ್ಲಿ ಕೇಂದ್ರ ಸರಕಾರ 14 ಬಗೆಯ ಸ್ಟೆರಾಯ್ಡ್ ಕ್ರೀಮುಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಎಂದು ಷೆಡ್ಯೂಲ್ ಎಚ್ ಪಟ್ಟಿಗೆ ಬಿಗಿಯಾಗಿ ಸೇರಿಸಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ 328 ಮಿಶ್ರ ಔಷಧಿಗಳನ್ನು ನಿಷೇಧಿಸಿದಾಗ ಆ ಪಟ್ಟಿಯಲ್ಲಿ ಸ್ಟೆರಾಯ್ಡ್, ಆಂಟಿಬಯೋಟಿಕ್, ಫಂಗಸ್ ಮದ್ದು ಮೂರನ್ನೂ ಬೆರೆಸಿದ ಕ್ರೀಮುಗಳೂ ಇದ್ದವು. ಚರ್ಮವೈದ್ಯರ ಸಂಘದವರು ವರ್ಷಗಳಿಂದ ಹೇಳುತ್ತಲೇ ಇದ್ದಾರೆ. ಆದರೆ ನಮ್ಮೂರಿನ ಪೇಟೆಯಲ್ಲಿ ನಿಂತು "ತುರಿಕೆಗೆ ಒಂದು ಟ್ಯೂಬ್ ಕೊಡಿ" ಅಂದರೆ ಚೀಟಿ ಕೇಳುವ ಅಂಗಡಿ ಎಷ್ಟು? ನೀವೇ ಒಮ್ಮೆ ನೋಡಿ. ಕೇಳುವ ಒಳ್ಳೆಯ ಅಂಗಡಿಯವರೂ ಇದ್ದಾರೆ, ಅವರ ಬಗ್ಗೆ ನನಗೆ ಗೌರವ ಉಂಟು. ಚೀಟಿ ಕೇಳಿದ್ದಕ್ಕೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ, ಆ ನಷ್ಟವನ್ನೂ ಅವರು ಸಹಿಸಿಕೊಂಡಿದ್ದಾರೆ.

ಇದೆಲ್ಲದರ ನಡುವೆ ಫಂಗಸ್ ಕೂಡ ಸುಮ್ನೆ ಕೂತಿಲ್ಲ. ನಮ್ಮ ದೇಶದಲ್ಲಿ ಈಗ ಹರಡಿರುವ ತಳಿಗೆ ಟ್ರೈಕೋಫೈಟನ್ ಇಂಡೋಟಿನಿಯೇ ಎಂಬ ಹೆಸರು ಬಂದದ್ದು 2020ರಲ್ಲಿ. ಹೆಸರಿನಲ್ಲೇ ಇಂಡಿಯಾ ಉಂಟು. ಟರ್ಬಿನಾಫಿನ್ ಎಂಬ ಮಾತ್ರೆಗೆ ಹಿಂದೆ ಸುಲಭವಾಗಿ ಬಗ್ಗುತ್ತಿದ್ದ ಕಾಯಿಲೆ, ಈ ತಳಿಯಲ್ಲಿ ಎಷ್ಟೋ ಸಲ ಬಗ್ಗುವುದಿಲ್ಲ. ಈಗ ಯುರೋಪು, ಅಮೆರಿಕದಲ್ಲೂ ಕಾಣಿಸಿಕೊಂಡಿದೆ. ಸ್ಟೆರಾಯ್ಡ್ ಕ್ರೀಮಿನ ದುರ್ಬಳಕೆಯೂ ಅರ್ಧಕ್ಕೆ ಬಿಟ್ಟ ಚಿಕಿತ್ಸೆಯೂ ಇದಕ್ಕೆ ದಾರಿ ಮಾಡಿಕೊಟ್ಟಿವೆ ಎನ್ನುತ್ತಾರೆ ತಿಳಿದವರು.

ಹಾಗಾದರೆ ಮಾಡಬೇಕಾದ್ದೇನು? ಮೊದಲನೆಯದು, ಡಾಕ್ಟರಿಗೆ ತೋರಿಸಿ. ನಮ್ಮ ಎರಡೂ ಜಿಲ್ಲೆಗಳಲ್ಲಿ ಇದಕ್ಕೆ ಕೊರತೆಯಿಲ್ಲ. ಮಂಗಳೂರಿನಲ್ಲಿ ವೆನ್‌ಲಾಕ್ ಸರಕಾರಿ ಆಸ್ಪತ್ರೆ ಉಂಟು, ಉಡುಪಿಯಲ್ಲಿ ಅಜ್ಜರಕಾಡಿನ ಜಿಲ್ಲಾಸ್ಪತ್ರೆ ಉಂಟು, ಮೆಡಿಕಲ್ ಕಾಲೇಜುಗಳೂ ಸಾಲುಸಾಲಾಗಿ ಇವೆ. ಹೋಗುವಾಗ ಆವರೆಗೆ ಹಚ್ಚಿದ ಟ್ಯೂಬ್ ಕಡ್ಡಾಯವಾಗಿ ತೆಗೆದುಕೊಂಡು ಹೋಗಿ. ಬೈಯುತ್ತಾರೆ ಅಂತ ಅಡಗಿಸಿಡಬೇಡಿ.

ಫಂಗಸ್ ಮದ್ದನ್ನು ಕೆಂಪಗಿರುವ ಜಾಗಕ್ಕೆ ಮಾತ್ರವಲ್ಲ, ಅಂಚಿನಿಂದ ಎರಡು ಸೆಂಟಿಮೀಟರ್ ಆಚೆಯವರೆಗೂ ಹಚ್ಚಬೇಕು, ಪೂರ್ತಿ ಹೋಯಿತು ಅಂತ ಕಂಡ ಮೇಲೂ ಎರಡು ವಾರ ಹಚ್ಚಬೇಕು. ಚಿಕಿತ್ಸೆ ಕಡಿಮೆ ಎಂದರೂ ನಾಲ್ಕು ವಾರ, ಹಳೆಯದಾದರೆ ಇನ್ನೂ ಜಾಸ್ತಿ. ಒಂದು ವಾರದಲ್ಲಿ ತುರಿಕೆ ನಿಂತಿತೆಂದು ಬಿಡುವುದೇ ದೊಡ್ಡ ತೊಂದರೆ. ಇಟ್ರಾಕೊನಜೋಲ್ ಎಂಬ ಫಂಗಸ್ ಮದ್ದಿನ ಕ್ಯಾಪ್ಸೂಲ್ ಕೊಟ್ಟಿದ್ದರೆ ಊಟದ ಜತೆ ತೆಗೆದುಕೊಳ್ಳಿ. ಗ್ಯಾಸ್ಟ್ರಿಕ್ ಮಾತ್ರೆ ಜತೆಗೆ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ನಮ್ಮಲ್ಲಿ ಗ್ಯಾಸ್ಟ್ರಿಕ್ ಮಾತ್ರೆ ನುಂಗದವರು ಕಡಿಮೆ, ಆದ್ದರಿಂದ ಇದನ್ನು ಡಾಕ್ಟರಿಗೆ ಹೇಳಲೇಬೇಕು. ಬಸುರಿಯರು, ಹಾಲೂಡಿಸುವವರು, ಲಿವರ್ ತೊಂದರೆ ಇರುವವರೂ ಮೊದಲೇ ಹೇಳಬೇಕು. ಇನ್ನು ಪದೇಪದೇ ಬರುತ್ತಿದ್ದರೆ ಒಮ್ಮೆ ಶುಗರ್ ಪರೀಕ್ಷೆ ಮಾಡಿಸಿ. ಎಷ್ಟೋ ಜನರಿಗೆ ಸಕ್ಕರೆ ಕಾಯಿಲೆ ಗೊತ್ತಾದದ್ದೇ ತೊಡೆಸಂದಿಯ ತುರಿಕೆಯಿಂದ.

ಮನೆಯ ವಿಷಯಕ್ಕೆ ಬರೋಣ. ವರ್ಷಕ್ಕೆ 3,500 ಮಿಲಿಮೀಟರ್‌ಗೂ ಹೆಚ್ಚು ಮಳೆ ಸುರಿಯುವ ಊರು ನಮ್ಮದು. ಜುಲೈಯಲ್ಲಿ ಹಾಕಿದ ಬಟ್ಟೆ ಮೂರು ದಿನವಾದರೂ ಒಣಗುವುದಿಲ್ಲ. ಅರೆ ಒದ್ದೆ ಒಳಬಟ್ಟೆ, ಅರೆ ಒದ್ದೆ ಜೀನ್ಸ್ ಹಾಕಿಕೊಂಡು ಸ್ಕೂಟರಿನಲ್ಲಿ ರೈನ್‌ಕೋಟ್ ಒಳಗೆ ಬೆವರುತ್ತಾ ಆಫೀಸಿಗೆ ಹೋಗಿ ಸಂಜೆವರೆಗೆ ಅದರಲ್ಲೇ ಕೂತರೆ ಫಂಗಸ್‌ಗೆ ಅದಕ್ಕಿಂತ ಒಳ್ಳೆಯ ಮನೆ ಬೇರೆ ಬೇಕಾ? ಒಳಬಟ್ಟೆಗೆ ಇಸ್ತ್ರಿ ಹಾಕಿ. ಬಿಸಿ ಇಸ್ತ್ರಿ ಮಳೆಗಾಲದಲ್ಲಿ ನಿಜವಾಗಿ ಕೆಲಸಕ್ಕೆ ಬರುತ್ತದೆ, ಒಣಗಿಸುತ್ತದೆ ಕೂಡ. ಬಚ್ಚಲ ಒಲೆ ಇನ್ನೂ ಉರಿಸುವ ಮನೆಯವರು ಹಂಡೆಯ ಬಿಸಿನೀರಲ್ಲೇ ಬಟ್ಟೆ ಒಗೆಯಿರಿ. ಕಾಯಿಲೆ ಇದ್ದವರ ಬಟ್ಟೆ ಬೇರೆ ಒಗೆಯಬೇಕು. ಬೈರಾಸು (ಟವೆಲ್) ಒಬ್ಬೊಬ್ಬರಿಗೆ ಒಂದೊಂದು. ಇದು ಹೇಳಲಿಕ್ಕೆ ಸುಲಭ, ಮನೆ ತುಂಬ ಜನ ಇರುವಲ್ಲಿ ಬಚ್ಚಲಿನ ಗೂಟದಲ್ಲಿ ಒಂದೇ ಬೈರಾಸು ನೇತಾಡುತ್ತಿರುತ್ತದೆ ಅಂತ ನನಗೂ ಗೊತ್ತು. ಆದರೆ ಮನೆಯಲ್ಲಿ ಒಬ್ಬರಿಗೆ ಬಂದರೆ ಎಲ್ಲರನ್ನೂ ನೋಡಿ, ಇದ್ದವರಿಗೆಲ್ಲ ಒಟ್ಟಿಗೆ ಮದ್ದು ಮಾಡದಿದ್ದರೆ ಅದು ಗಂಡನಿಂದ ಹೆಂಡತಿಗೆ, ಹೆಂಡತಿಯಿಂದ ಮಗುವಿಗೆ, ಮಗುವಿನಿಂದ ಮತ್ತೆ ಗಂಡನಿಗೆ ಸುತ್ತುತ್ತಲೇ ಇರುತ್ತದೆ.

ಸೊಂಟದ ಉಡಿದಾರದ ಬಗ್ಗೆ ಹೇಳಲೇಬೇಕು. ಸದಾ ಒದ್ದೆಯಾಗಿರುವ ನೂಲಿನಲ್ಲಿ ಫಂಗಸ್ ಉಳಿದುಕೊಳ್ಳುತ್ತದೆ. ತೆಗೆಯಿರಿ ಅಂದರೆ ಹಿರಿಯರಿಗೆ ಬೇಸರವಾಗುತ್ತದೆ. ಚಿಕಿತ್ಸೆ ಮುಗಿಯುವವರೆಗೆ ತೆಗೆದಿಟ್ಟು, ಆಮೇಲೆ ಹೊಸತು ಕಟ್ಟಿಕೊಳ್ಳಿ ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಬೆಳ್ಳಿಯದ್ದಾದರೆ ತೊಳೆದು ಒರೆಸಿ ಹಾಕಿಕೊಳ್ಳಬಹುದು.

ಸ್ಟೆರಾಯ್ಡ್ ಅಂದರೆ ವಿಷ ಅಂತ ಯಾರೂ ತಿಳಿದುಕೊಳ್ಳಬಾರದು. ಇಸುಬಿಗೆ, ಸೋರಿಯಾಸಿಸ್‌ಗೆ ಅದೇ ಒಳ್ಳೆಯ ಮದ್ದು. ಯಾವ ಶಕ್ತಿಯದ್ದು, ಎಲ್ಲಿಗೆ, ಎಷ್ಟು ದಿನ ಅಂತ ಡಾಕ್ಟರು ಹೇಳಿದ ಹಾಗೆ ಹಚ್ಚಿದರೆ ಹೆದರಬೇಕಾಗಿಲ್ಲ. ಇಸುಬು ಇರುವ ಮಗುವಿಗೆ ಹೆದರಿ ಮದ್ದೇ ಹಚ್ಚದೆ ರಾತ್ರಿಯಿಡೀ ಅಳಿಸುವ ತಾಯಂದಿರನ್ನೂ ಕಂಡಿದ್ದೇನೆ, ಅದೂ ತಪ್ಪು. ತೋರುಬೆರಳಿನ ಮೊದಲ ಗೆಣ್ಣಿನಷ್ಟು ಉದ್ದಕ್ಕೆ ಕ್ರೀಮ್ ಹಿಂಡಿದರೆ ದೊಡ್ಡವರ ಎರಡು ಅಂಗೈಯಷ್ಟು ಜಾಗಕ್ಕೆ ಸಾಕಾಗುತ್ತದೆ. ಈ ಅಳತೆ ನೆನಪಿಟ್ಟುಕೊಳ್ಳಿ.

ತುರಿಸುವುದೆಲ್ಲ ಹುಳುಕಡ್ಡಿಯೂ ಅಲ್ಲ. ರಾತ್ರಿ ಹೊತ್ತು ಜಾಸ್ತಿ ತುರಿಸಿ, ಬೆರಳ ಸಂದಿ, ಮಣಿಕಟ್ಟು, ಹೊಕ್ಕುಳ ಸುತ್ತ ಸಣ್ಣ ಗುಳ್ಳೆ ಇದ್ದು, ಮನೆಯ ಇನ್ನೊಬ್ಬರಿಗೂ ತುರಿಸುತ್ತಿದ್ದರೆ ಅದು ಕಜ್ಜಿ ಇರಬಹುದು. ಹಾಸ್ಟೆಲ್ ಮಕ್ಕಳಿಗೆ ತುಂಬ ಬರುತ್ತದೆ. ಕಣ್ಣಿಗೆ ಕಾಣದ ಸಣ್ಣ ಜೀವಿ ಚರ್ಮದೊಳಗೆ ಕೊರೆದು ಮೊಟ್ಟೆ ಇಡುತ್ತದೆ. 5 ಶೇಕಡಾ ಪರ್ಮೆಥ್ರಿನ್ ಕ್ರೀಮನ್ನು ರಾತ್ರಿ ಕುತ್ತಿಗೆಯಿಂದ ಕಾಲ್ಬೆರಳ ತುದಿವರೆಗೆ, ತುರಿಸದ ಜಾಗಕ್ಕೂ ಸೇರಿಸಿ ಹಚ್ಚಿ, ಬೆಳಿಗ್ಗೆ ಸ್ನಾನ ಮಾಡಬೇಕು. ವಾರದ ನಂತರ ಇನ್ನೊಮ್ಮೆ. ಮನೆಮಂದಿಯೆಲ್ಲ ಅದೇ ರಾತ್ರಿ ಹಚ್ಚಬೇಕು, ತುರಿಕೆ ಇಲ್ಲದವರು ಕೂಡ. ಮದ್ದು ಹಚ್ಚಿದ ಮೇಲೂ ಕೆಲವು ವಾರ ತುರಿಕೆ ಇರುತ್ತದೆ, ಮದ್ದು ಹಿಡಿಯಲಿಲ್ಲ ಅಂತ ಗಾಬರಿಯಾಗಿ ದಿನಾ ಹಚ್ಚಬೇಡಿ.

ಈಗ ಸರ್ಪಸುತ್ತು. ತುಳುನಾಡಿನಲ್ಲಿ ಚರ್ಮದ ಕಾಯಿಲೆ ಅಂದರೆ ನಾಗದೋಷ ಅಂತ ಮೊದಲು ಮನಸ್ಸಿಗೆ ಬರುವುದು ಸಹಜ. ನನ್ನ ಮನೆಯಲ್ಲೂ ನಾಗಬನ ಉಂಟು, ತನು ಎರೆಯುತ್ತೇವೆ. ಕುಕ್ಕೆಗೆ ಹೋಗಿ ಹರಕೆ ತೀರಿಸುವವರಿಗೆ ನಾನು ಬೇಡ ಅನ್ನುವುದಿಲ್ಲ. ಆದರೆ ಮೈಯ ಒಂದೇ ಬದಿಯಲ್ಲಿ ಪಟ್ಟಿಯ ಹಾಗೆ ಉರಿ ನೋವಿನ ಗುಳ್ಳೆಗಳು ಎದ್ದರೆ ಅದು ಚಿಕನ್‌ಪಾಕ್ಸ್‌ನ ವೈರಸ್. ಚಿಕ್ಕಂದಿನಲ್ಲಿ ಬಂದು ಹೋದ ಚಿಕನ್‌ಪಾಕ್ಸ್‌ನ ವೈರಸ್ ನರದ ಬುಡದಲ್ಲಿ ಅಡಗಿ ಕೂತು, ವಯಸ್ಸಾದ ಮೇಲೆ ಅಥವಾ ಮೈ ಸೋತಾಗ ಎದ್ದು ಬರುತ್ತದೆ. ಅದಕ್ಕೆ ಅಸೈಕ್ಲೋವಿರ್‌ನಂಥ ಮಾತ್ರೆ ಉಂಟು. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯ ಫಲ. ಸುತ್ತಿನ ತಲೆ ಬಾಲ ಕೂಡಿದರೆ ಸಾವು ಎಂಬ ಹೆದರಿಕೆಯಲ್ಲಿ ಕೆಮ್ಮಣ್ಣು ಹಚ್ಚಿಸಿಕೊಂಡು ಐದಾರು ದಿನ ಕಳೆದು ಬರುವವರಿದ್ದಾರೆ. ಆ ಸುತ್ತು ಸಾಮಾನ್ಯವಾಗಿ ಮೈಯ ನಡುಗೆರೆ ದಾಟುವುದೇ ಇಲ್ಲ, ಏಕೆಂದರೆ ಅದು ಒಂದು ನರದ ದಾರಿಯಲ್ಲೇ ಹೋಗುತ್ತದೆ. ತಡವಾದದ್ದರ ಬೆಲೆಯನ್ನು ವಯಸ್ಸಾದವರು ತೆರುತ್ತಾರೆ. ಗುಳ್ಳೆ ಒಣಗಿದರೂ ನರದ ನೋವು ತಿಂಗಳುಗಟ್ಟಲೆ ಉಳಿಯುತ್ತದೆ, ಬಟ್ಟೆ ತಾಗಿದರೂ ಕಿರುಚುವಷ್ಟು. ಹಣೆ, ಮೂಗಿನ ತುದಿ, ಕಣ್ಣ ಹತ್ತಿರ ಎದ್ದಿದ್ದರೆ ಅದೇ ದಿನ ಓಡಬೇಕು, ಕಣ್ಣಿನ ಪ್ರಶ್ನೆ ಅದು. ಪೂಜೆ ಮರುದಿನ ಮಾಡಿಸಬಹುದು, ನಾಗ ಕೋಪಿಸಿಕೊಳ್ಳಲಿಕ್ಕಿಲ್ಲ.

ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದೆ ಅನ್ನುವ ಮಾತನ್ನು ಮೀನು ತಿನ್ನುವ ನಮ್ಮ ಊರಿನಲ್ಲೇ ಇಷ್ಟು ನಂಬುತ್ತಾರೆ ಅಂದರೆ ನನಗೆ ಈಗಲೂ ಅರ್ಥವಾಗುವುದಿಲ್ಲ. ತೊನ್ನು ಬರುವುದು ದೇಹದ ರಕ್ಷಣಾ ವ್ಯವಸ್ಥೆಯೇ ಬಣ್ಣದ ಕೋಶಗಳ ಮೇಲೆ ತಿರುಗಿ ಬೀಳುವುದರಿಂದ. ಅಂಟುವುದಿಲ್ಲ. ಚಿಕಿತ್ಸೆ ಇದೆ, ಬೇಗ ಶುರು ಮಾಡಿದರೆ ಬಣ್ಣ ಮರಳುವ ಸಾಧ್ಯತೆ ಜಾಸ್ತಿ. ಬೆನ್ನು, ಎದೆ ಮೇಲೆ ಬರುವ ತಿಳಿ ಬಣ್ಣದ ಚಿಬ್ಬು ಬೇರೆಯೇ, ಅದೂ ಒಂದು ಫಂಗಸ್. ಮದ್ದಿನಿಂದ ಫಂಗಸ್ ಬೇಗ ಸಾಯುತ್ತದೆ, ಬಣ್ಣ ಕೂಡಿಕೊಳ್ಳಲಿಕ್ಕೆ ತಿಂಗಳುಗಳು ಬೇಕು. ಇವೆರಡೂ ಅಲ್ಲದೆ, ಮಚ್ಚೆಯ ಜಾಗದಲ್ಲಿ ಮುಟ್ಟಿದ್ದು, ಬಿಸಿ ತಣ್ಣಗೆ ಗೊತ್ತಾಗದಿದ್ದರೆ ಮಾತ್ರ ತಡ ಮಾಡಬೇಡಿ, ಅದು ಕುಷ್ಠ ಇರಬಹುದು. ಸರಕಾರಿ ಆಸ್ಪತ್ರೆಯಲ್ಲಿ ಮದ್ದು ಪೂರ್ತಿ ಉಚಿತ, 6 ಅಥವಾ 12 ತಿಂಗಳಲ್ಲಿ ಗುಣವಾಗುತ್ತದೆ. ಮಂಗಳೂರಿನ ಕಂಕನಾಡಿಯಲ್ಲಿ ಫಾದರ್ ಮುಲ್ಲರ್ ಅವರು 1890ರಲ್ಲೇ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ ಊರು ನಮ್ಮದು. ಇಂಥ ಊರಿನಲ್ಲಿ ಇವತ್ತಿಗೂ ಇದನ್ನು ಅಡಗಿಸಿಡುವವರಿದ್ದಾರೆ ಎಂಬುದು ನೋವಿನ ಸಂಗತಿ.

ಉಗುರಿನ ವಿಷಯ ಬಂದರೆ ನನಗೆ ಮಲ್ಪೆ ಬಂದರು, ಮಂಗಳೂರಿನ ದಕ್ಕೆಯ (ಮೀನು ಇಳಿಸುವ ಕಟ್ಟೆಯ) ಹೆಂಗಸರೇ ಕಣ್ಣ ಮುಂದೆ ಬರುತ್ತಾರೆ. ಬೆಳಗಿನ ಜಾವದಿಂದ ಮಂಜುಗಡ್ಡೆ, ಉಪ್ಪುನೀರು, ಸಿಗಡಿ ಸಿಪ್ಪೆ. ಕೈ ಒಣಗುವ ಹೊತ್ತೇ ಇಲ್ಲ. ಉಗುರಿನ ಬುಡದ ತೆಳು ಚರ್ಮ ನೀರಿನಲ್ಲಿ ನೆನೆದು ಬಿಟ್ಟುಕೊಳ್ಳುತ್ತದೆ, ಒಳಗೆ ಯೀಸ್ಟ್, ಬ್ಯಾಕ್ಟೀರಿಯಾ ಸೇರುತ್ತವೆ. ಬುಡ ಊದಿ, ಉಗುರು ಅಂಕುಡೊಂಕಾಗುತ್ತದೆ. ಹೊಟೇಲಿನಲ್ಲಿ ಪಾತ್ರೆ ತೊಳೆಯುವವರಿಗೂ ಮನೆಕೆಲಸದವರಿಗೂ ಇದೇ. ಒಮ್ಮೆಲೇ ಕೀವು ತುಂಬಿ ಟಕಟಕ ಸಿಡಿಯುವ ಉಗುರುಸುತ್ತಿಗೆ ನಿಂಬೆಹಣ್ಣು ಸಿಕ್ಕಿಸಿಕೊಂಡು ಕೂರುವುದಕ್ಕಿಂತ ಡಾಕ್ಟರಲ್ಲಿ ಹೋಗಿ ಕೀವು ತೆಗೆಸಿಕೊಳ್ಳುವುದು ಒಳ್ಳೆಯದು. ಹಳೆಯ ಉಗುರುಸುತ್ತಿಗೆ ಮುಖ್ಯ ಮದ್ದೇ ಕೈ ಒಣಗಿಸುವುದು. ಒಳಗೆ ಹತ್ತಿಯ ಗ್ಲೌಸ್, ಮೇಲೆ ರಬ್ಬರ್ ಗ್ಲೌಸ್. ಆದರೆ ಇದನ್ನು ದಿನಗೂಲಿಯ ಹೆಂಗಸರ ಖರ್ಚಿಗೆ ಬಿಡಬಾರದು. ಮೀನು ಸಂಸ್ಕರಣೆ ಮಾಡುವ ಘಟಕಗಳ ಮಾಲಕರು ಕೊಡಬೇಕು. ಗೇರುಬೀಜದ ಕಾರ್ಖಾನೆಗಳ ಮಾಲಕರಿಗೂ ಇದೇ ಮಾತು. ಗೇರುಬೀಜದ ಸಿಪ್ಪೆಯ ಎಣ್ಣೆ ಚರ್ಮವನ್ನು ಸುಡುತ್ತದೆ, ಅಂಗೈ ಕಪ್ಪಾಗಿ ಸುಲಿಯುತ್ತದೆ. ಎಣ್ಣೆ, ಬೂದಿ ಹಚ್ಚಿಕೊಂಡು ಕೆಲಸ ಮಾಡುವ ಆ ಕೈಗಳನ್ನು ನೋಡಿದವರಿಗೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಉಗುರಿನ ಮೇಲೆ ಬಿಳಿ ಚುಕ್ಕೆ ಬಂದರೆ ಕ್ಯಾಲ್ಸಿಯಂ ಕಡಿಮೆಯಾಯಿತು ಅಂತ ಮಾತ್ರೆ ತರುವುದು ಬೇಡ, ಸಾಮಾನ್ಯವಾಗಿ ಅದು ಸಣ್ಣ ಪೆಟ್ಟಿನ ಗುರುತು. ಉಗುರು ಚಮಚದ ಹಾಗೆ ಗುಳಿ ಬಿದ್ದಿದ್ದರೆ ರಕ್ತಹೀನತೆ ಇದೆಯೇ ಅಂತ ನೋಡಿಸಿ. ಒಂದೇ ಉಗುರಿನಲ್ಲಿ ಕಪ್ಪು ಗೆರೆ ಬಂದು ಅಗಲವಾಗುತ್ತಾ ಹೋದರೆ ಕಡೆಗಣಿಸಬೇಡಿ, ಅಪರೂಪಕ್ಕೆ ಕ್ಯಾನ್ಸರ್ ಇರಬಹುದು. ಕಾಲಿನ ಉಗುರು ಹಳದಿಯಾಗಿ ದಪ್ಪವಾದರೆ ಹೆಚ್ಚಾಗಿ ಫಂಗಸ್. ಆದರೆ ಸೋರಿಯಾಸಿಸ್‌ನಲ್ಲೂ ಹಾಗೇ ಕಾಣುತ್ತದೆ, ಆದ್ದರಿಂದ ಪರೀಕ್ಷೆ ಮಾಡಿಸಿಯೇ ಮಾತ್ರೆ ಶುರು ಮಾಡಬೇಕು. ಮೂರು ತಿಂಗಳ ಮಾತ್ರೆ ಮುಗಿದರೂ ಉಗುರು ಹಾಗೇ ಇದೆ ಅಂತ ಬೇಸರ ಪಡುವವರೇ ಹೆಚ್ಚು. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಿ ಬರಲಿಕ್ಕೆ ವರ್ಷದಿಂದ ಒಂದೂವರೆ ವರ್ಷ ಬೇಕು.

ಕೂದಲ ವಿಷಯದಲ್ಲಿ ನಮ್ಮ ಜನ ಸುರಿಯುವ ದುಡ್ಡು ನೋಡಿದರೆ ಸಂಕಟವಾಗುತ್ತದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ಡೆಂಗಿ, ಟೈಫಾಯ್ಡ್ ಬಂದು ಹೋದ ಮೇಲೆ, ಹೆರಿಗೆ ಆದ ಮೇಲೆ, ಎರಡು ಮೂರು ತಿಂಗಳಿಗೆ ಮುಷ್ಟಿಮುಷ್ಟಿ ಉದುರುತ್ತದೆ. ಜ್ವರ ಬಂದದ್ದು ಮರೆತೇ ಹೋಗಿರುತ್ತದೆ, ಆದ್ದರಿಂದ ಬೋರ್‌ವೆಲ್ ನೀರಿಗೆ ಬೈಯುತ್ತಾರೆ, ಶಾಂಪೂ ಬದಲಿಸುತ್ತಾರೆ, ಸಾವಿರ ರೂಪಾಯಿಯ ಎಣ್ಣೆ ತರಿಸುತ್ತಾರೆ. ಕೆಲವು ತಿಂಗಳಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ, ಹೆಸರು ಮಾತ್ರ ಎಣ್ಣೆಗೆ. ನಿಲ್ಲದಿದ್ದರೆ ರಕ್ತ, ಥೈರಾಯ್ಡ್ ನೋಡಿಸಿ. ಕೂದಲಿಗೆಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ನುಂಗುತ್ತಿದ್ದರೆ ರಕ್ತಪರೀಕ್ಷೆಗೆ ಮೊದಲು ಹೇಳಿ, ಥೈರಾಯ್ಡ್ ವರದಿಯನ್ನೇ ಅದು ತಪ್ಪಾಗಿ ತೋರಿಸಬಹುದು.

ತಲೆಹೊಟ್ಟಿಗೆ ಜಾಸ್ತಿ ಎಣ್ಣೆ ಹಾಕುವುದನ್ನು ನಿಲ್ಲಿಸಿ ಅಂದರೆ ತೆಂಗಿನ ನಾಡಿನಲ್ಲಿ ಯಾರೂ ಒಪ್ಪುವುದಿಲ್ಲ. ತೆಂಗಿನೆಣ್ಣೆ ಕೂದಲಿಗೆ ಒಳ್ಳೆಯದೇ. ಆದರೆ ಹೊಟ್ಟಿಗೆ ಕಾರಣವಾದ ಯೀಸ್ಟ್ ಎಣ್ಣೆಯಂಶ ತಿಂದೇ ಬೆಳೆಯುತ್ತದೆ. ಹೊಟ್ಟು ಹೋಗುವವರೆಗೆ ನೆತ್ತಿಗೆ ಹಾಕಬೇಡಿ, ಕೂದಲ ತುದಿಗೆ ಹಚ್ಚಿ. ಕೀಟೊಕೊನಜೋಲ್ ಶಾಂಪೂವನ್ನು ಹಾಕಿದ ಕೂಡಲೇ ತೊಳೆದುಬಿಟ್ಟರೆ ಉಪಯೋಗವಿಲ್ಲ, ಮೂರರಿಂದ ಐದು ನಿಮಿಷ ಬಿಟ್ಟು ತೊಳೆಯಬೇಕು, ವಾರಕ್ಕೆ ಎರಡು ಸಲ. ಇನ್ನು ದುಂಡಗೆ ಕೂದಲು ಹೋಗಿ ನುಣ್ಣಗೆ ಕಂಡರೆ ಹುಳ ತಿಂದಿದೆ ಅಂತ ಈರುಳ್ಳಿ ಉಜ್ಜುತ್ತಾರೆ. ಹುಳ ಅಲ್ಲ, ಅದೂ ದೇಹದ ರಕ್ಷಣಾ ವ್ಯವಸ್ಥೆಯದ್ದೇ ಕೆಲಸ. ಮಕ್ಕಳ ತಲೆಯಲ್ಲಿ ಹೊಟ್ಟಿನ ಜತೆ ಕೂದಲು ಮುರಿದು ಪ್ಯಾಚ್ ಬಂದಿದ್ದರೆ ಮಾತ್ರ ಫಂಗಸ್ ಇರಬಹುದು, ಅದಕ್ಕೆ ಕ್ರೀಮ್ ಸಾಲದು, ಹೊಟ್ಟೆಗೆ ಮದ್ದು ಬೇಕು.

ನನ್ನ ಬೇಡಿಕೆಗಳನ್ನು ಹೇಳಿ ಮುಗಿಸುತ್ತೇನೆ. ಔಷಧ ನಿಯಂತ್ರಣ ಇಲಾಖೆಯವರು ಮಳೆಗಾಲದ ಈ ನಾಲ್ಕು ತಿಂಗಳಾದರೂ ಚೀಟಿ ಇಲ್ಲದೆ ಸ್ಟೆರಾಯ್ಡ್ ಕ್ರೀಮ್ ಮಾರುವುದನ್ನು ತಪಾಸಣೆ ಮಾಡಬೇಕು. ಟ್ಯೂಬಿನ ಮೇಲೆ ಇರುವೆಯಷ್ಟು ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ಎಚ್ಚರಿಕೆ ಬರೆದರೆ ದಕ್ಕೆಯ ಅಕ್ಕನಿಗೆ ಹೇಗೆ ಗೊತ್ತಾಗಬೇಕು? ಕನ್ನಡದಲ್ಲೂ ದೊಡ್ಡದಾಗಿ ಬರಲಿ. ಆಶಾ ಕಾರ್ಯಕರ್ತೆಯರು ಹೇಗೂ ಸೊಳ್ಳೆ ಲಾರ್ವಾ ನೋಡಲಿಕ್ಕೆ ಮನೆಮನೆಗೆ ಬರುತ್ತಾರೆ, ಅವರಿಗೆ ಇದರ ಬಗ್ಗೆ ಒಂದು ದಿನದ ತರಬೇತಿ ಕೊಟ್ಟರೆ ಹೆಂಗಸರು ಅವರ ಹತ್ತಿರ ನಾಚಿಕೆ ಬಿಟ್ಟು ಹೇಳುತ್ತಾರೆ. ಇಷ್ಟಕ್ಕೆ ಹೆಚ್ಚಿನ ತರಬೇತಿ ಭತ್ಯೆಯನ್ನೂ ಅವರಿಗೆ ಕೊಡಬೇಕು, ಸುಮ್ನೆ ಕೆಲಸ ಹೇರಬಾರದು.

ನಿಮ್ಮ ಪತ್ರಿಕೆಯಿಂದ ನಾನು ಕೇಳುವುದು ಸಣ್ಣ ವಿಷಯ. ಪತ್ರ ಉದ್ದವಾಯಿತು, ಪೂರ್ತಿ ಹಾಕಲು ಜಾಗವಿಲ್ಲದಿದ್ದರೆ ಚಿಂತೆಯಿಲ್ಲ. ಕ್ಲೊಬೆಟಾಸೋಲ್, ಬೆಟಾಮೆಥಾಸೋನ್, ಬೆಕ್ಲೊಮೆಥಾಸೋನ್, ಮೊಮೆಟಾಸೋನ್, ಫ್ಲುವೊಸಿನೊಲೋನ್ ಎಂಬ ಈ ಐದು ಹೆಸರುಗಳನ್ನು ಕನ್ನಡ ಮತ್ತು ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ಚೌಕದೊಳಗೆ ಹಾಕಿ, "ನಿಮ್ಮ ಟ್ಯೂಬಿನಲ್ಲಿ ಇವುಗಳಲ್ಲಿ ಒಂದು ಇದ್ದರೆ, ಡಾಕ್ಟರು ಬರೆದುಕೊಟ್ಟದ್ದಲ್ಲದಿದ್ದರೆ, ಅದನ್ನು ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ" ಎಂದು ಜೂನ್ ತಿಂಗಳಲ್ಲಿ ವಾರಕ್ಕೊಮ್ಮೆ ಅಚ್ಚು ಮಾಡಿ. ಕತ್ತರಿಸಿ ಮನೆಯ ಮದ್ದಿನ ಡಬ್ಬದ ಮುಚ್ಚಳಕ್ಕೆ ಅಂಟಿಸಿಕೊಳ್ಳುವಷ್ಟು ದೊಡ್ಡದಿರಲಿ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್, ಉಡುಪಿ